ಚಾಕು ಮಾಡಲು ಸ್ವಂತ ಕುಲುಮೆ ಹಾಕುತ್ತಿದ್ದೇನೆ, ಮೊದಲು ಏನು ಕೊಳ್ಳಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ವಾರಕ್ಕೊಮ್ಮೆ ಬೇರೆಯವರ ಕುಲುಮೆಗೆ ಹೋಗಿ ಚಾಕು ಮಾಡುವುದನ್ನು ಕಲಿಯುತ್ತಿದ್ದೇನೆ. ಈಗ ಮನೆ ಹಿಂದೆ 10 ಅಡಿಗೆ 14 ಅಡಿಯ ಒಂದು ಶೆಡ್ ಖಾಲಿಯಾಗಿದೆ. ಇಟ್ಟಿಗೆ ಗೋಡೆ, ಮೇಲೆ ತಗಡು, ಸಿಮೆಂಟ್ ನೆಲ, ಒಂದು ಬಾಗಿಲು, ಅದರ ಪಕ್ಕದಲ್ಲೇ ಒಂದು ಸಣ್ಣ ಕಿಟಕಿ. ಇಲ್ಲೇ ನನ್ನ ಸ್ವಂತ ಕೆಲಸ ಶುರು ಮಾಡಬೇಕು ಅಂತ ಬಹಳ ಆಸೆ.

ನಾನು ಬರೆದುಕೊಂಡಿರುವ ಪಟ್ಟಿಯಲ್ಲಿ ಕಾದ ಉಕ್ಕನ್ನು ಇಟ್ಟು ಬಡಿಯುವ 100 ಕಿಲೋ ಅಡಿಗಲ್ಲು, ಗ್ಯಾಸ್ ಕುಲುಮೆ, 2×72 ಇಂಚಿನ ಬೆಲ್ಟ್ ಗ್ರೈಂಡರ್, ಡ್ರಿಲ್ ಮೆಷಿನ್, ಹದ ಮಾಡಲು ಎಲೆಕ್ಟ್ರಿಕ್ ಒಲೆ ಇವೆ. ಎಲ್ಲವನ್ನೂ ಒಂದೇ ಸಲ ತರುವ ಶಕ್ತಿ ಇಲ್ಲ. ಅಡಿಗಲ್ಲು ಒಳ್ಳೆಯದಿದ್ದರೆ ಉಳಿದದ್ದು ನಿಧಾನವಾಗಿ ಬರುತ್ತದೆ ಅಂದುಕೊಂಡು ಅದಕ್ಕೇ ಹೆಚ್ಚು ದುಡ್ಡು ಎತ್ತಿಟ್ಟಿದ್ದೇನೆ. ಇದು ಸರಿನಾ? ಉಕ್ಕಿಗೆ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಗಳು ಸಿಕ್ಕಿವೆ, ಅದರಲ್ಲೇ ಶುರು ಮಾಡೋಣ ಅಂತಿದ್ದೇನೆ. ಮಾಡಬೇಕಾಗಿರುವುದು ಅಡುಗೆ ಮನೆಯ ಚಾಕು, ಸಣ್ಣ ಕತ್ತಿ ಅಷ್ಟೇ.

ಮೊದಲ ಉತ್ತರ

ನಿಮ್ಮ ಪಟ್ಟಿಯಲ್ಲಿ ಗಾಳಿಯೇ ಇಲ್ಲ ನೋಡಿ. ಬಾಗಿಲು, ಕಿಟಕಿ ಎರಡೂ ಒಂದೇ ಗೋಡೆಯಲ್ಲಿದ್ದರೆ ಒಳಗಿನ ಗಾಳಿ ಅಲ್ಲಲ್ಲೇ ಸುತ್ತುತ್ತದೆ, ಹೊರಗೆ ಹೋಗುವುದಿಲ್ಲ. ಗ್ಯಾಸ್ ಇರಲಿ, ಇದ್ದಿಲು ಇರಲಿ, ಕುಲುಮೆ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ನೋಯಲು ಶುರುವಾದಾಗ ಬಿಸಿಲಿಗೋ ಸುಸ್ತಿಗೋ ಅಂದುಕೊಂಡು ಕೆಲಸ ಮುಂದುವರಿಸಿಬಿಡುತ್ತೇವೆ. ಮೊದಲ ವರ್ಷ ನಾನೇ ಹಾಗೆ ಮಾಡಿದ್ದೆ. ಎದ್ದು ಹೊರಗೆ ಬಂದಾಗ ಕಾಲು ಅದುರುತ್ತಿತ್ತು. ಆ ದಿನವೇ ಎದುರು ಗೋಡೆ ಒಡೆಸಿ ದೊಡ್ಡ ಕಿಂಡಿ ಬಿಡಿಸಿದೆ.

ಆದ್ದರಿಂದ ಮೊದಲ ಖರ್ಚು ಅಲ್ಲಿಗೇ ಹೋಗಲಿ. ಬಾಗಿಲಿನ ಎದುರಿನ ಗೋಡೆಯಲ್ಲಿ, ತಗಡಿಗೆ ಹತ್ತಿರವಾಗಿ, ಅಗಲವಾದ ಕಿಂಡಿ ಮಾಡಿಸಿ. ಸಾಧ್ಯವಾದರೆ ಅದಕ್ಕೊಂದು ಎಕ್ಸಾಸ್ಟ್ ಫ್ಯಾನ್ ಹಾಕಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಗೋಡೆಗೆ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ, ಹಾಗಾಗಿ ಕೆಳಗೂ ಗಾಳಿ ಆಡಬೇಕು. ಸಿಲಿಂಡರ್ ಶೆಡ್ಡಿನ ಹೊರಗಿದ್ದರೆ ಇನ್ನೂ ಒಳ್ಳೆಯದು.

ಅಡಿಗಲ್ಲಿನ ವಿಷಯ. ಚಾಕುವಿಗೆ 100 ಕಿಲೋ ಬೇಡವೇ ಬೇಡ. 3, 4 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಒಂದು ಕಿಲೋ ಸುತ್ತಿಗೆಯಲ್ಲಿ ಬಡಿಯುವುದಕ್ಕೆ ಬೇಕಾಗಿರುವುದು ಸುತ್ತಿಗೆಯ ನೇರ ಕೆಳಗೆ ಇರುವ ತೂಕ. ಹಳೆ ರೈಲು ಕಂಬಿಯ ತುಂಡು ಸಿಕ್ಕಿದರೆ ಅದನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ನಡುವಿನ ತೆಳು ಭಾಗ ಏಟನ್ನು ತಿಂದುಬಿಡುತ್ತದೆ, ನಿಲ್ಲಿಸಿದರೆ ಇಡೀ ಉದ್ದದ ತೂಕ ಏಟಿಗೆ ಎದುರು ನಿಲ್ಲುತ್ತದೆ. ಬಡಿಯುವ ಜಾಗ ಅಂಗೈಯಷ್ಟೂ ಇರುವುದಿಲ್ಲ, ನಿಜ, ಆದರೆ ಸುತ್ತಿಗೆಯ ಮುಖಕ್ಕಿಂತ ದೊಡ್ಡ ಜಾಗ ಯಾಕೆ ಬೇಕು ಹೇಳಿ? ದಪ್ಪ ಮರದ ಕೊರಡಿಗೆ ಅದನ್ನು ಅಲುಗದಂತೆ ಬಿಗಿಯಿರಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ಎಲ್ಲಿಗೆ ಬರುತ್ತದೋ ಅಡಿಗಲ್ಲಿನ ಮುಖ ಅಲ್ಲಿಗೆ ಬರಬೇಕು. ಎತ್ತರ ತಪ್ಪಿದರೆ ಸೊಂಟವೋ ಭುಜವೋ ಹೋಗುತ್ತದೆ.

ಮುಂದೆ ನಿಜವಾದ ಅಡಿಗಲ್ಲು ಕೊಳ್ಳುವಾಗ ಒಂದು ಉಕ್ಕಿನ ಗುಂಡನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ. ಒಂದಡಿ ಮೇಲಿಂದ ಬಿಡಿ. ಮುಕ್ಕಾಲು ಭಾಗದಷ್ಟು ಮೇಲೆ ಪುಟಿದರೆ ಒಳ್ಳೆ ಮಾಲು. ದಪ್ ಅಂತ ಕೂತರೆ ಅದು ಬರೀ ಎರಕದ ಕಬ್ಬಿಣ, ಎಷ್ಟೇ ಹೊಳೆಯುತ್ತಿದ್ದರೂ ಬಿಟ್ಟು ಬನ್ನಿ.

ಎರಡನೇ ಉತ್ತರ

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ನಾನು ಉಕ್ಕಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಹೊಸಬರು ಕೈಬಿಡುವುದು ಇಲ್ಲೇ.

ಸ್ಪ್ರಿಂಗ್ ಪಟ್ಟಿಯಲ್ಲಿ ಒಳ್ಳೆ ಕತ್ತಿ ಆಗುತ್ತದೆ, ಸುಳ್ಳಲ್ಲ. ಆದರೆ ಕೈಯಲ್ಲಿರುವುದು ಯಾವ ಉಕ್ಕು ಅಂತ ನಿಮಗೆ ಗೊತ್ತಿಲ್ಲ. 5160 ಅನ್ನುವ ಸ್ಪ್ರಿಂಗ್ ಉಕ್ಕು ಇರಬಹುದು, ಬೇರೆ ಏನೋ ಇರಬಹುದು. ಮೇಲಾಗಿ ಅದು ವರ್ಷಗಟ್ಟಲೆ ಲಾರಿಯ ಕೆಳಗೆ ಬಾಗಿ ಬಾಗಿ ಒಳಗೆ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ನಾನು ಒಂದು ಕತ್ತಿಗೆ ನಾಲ್ಕು ದಿನ ಕೂತು ಬಡಿದು, ಉಜ್ಜಿ, ಎಣ್ಣೆಗೆ ಅದ್ದಿ ತೆಗೆದಾಗ ಅಲಗಿನ ಬೆನ್ನಿನಿಂದ ಹರಿತದ ಬಾಯಿವರೆಗೆ ಬಿರುಕಿನ ಗೆರೆ ಕಂಡಿತು. ತಪ್ಪು ನನ್ನ ಬಿಸಿಯದಾ, ಎಣ್ಣೆಯದಾ, ಉಕ್ಕಿನದಾ ಅಂತ ತಿಳಿಯುವ ದಾರಿಯೇ ಇರಲಿಲ್ಲ. ಕಲಿಯುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ. ಆ ಪಟ್ಟಿಗಳನ್ನು ಇಕ್ಕಳ, ಉಳಿ ಮಾಡುವುದಕ್ಕೆ, ಕೈ ಪಳಗಿಸುವುದಕ್ಕೆ ಇಟ್ಟುಕೊಳ್ಳಿ.

ಮೊದಲ ಹತ್ತು ಚಾಕುಗಳಿಗೆ 1084 ಉಕ್ಕನ್ನು ಹೊಸದಾಗಿ ತನ್ನಿ. ಕಾರ್ಬನ್ ಸುಮಾರು 0.84 ಶೇಕಡಾ. ಸರಳವಾದ ಉಪಕರಣದಲ್ಲೇ ಹದಕ್ಕೆ ಬರುತ್ತದೆ, ಅದೇ ಇದರ ಗುಣ. 1095 ಆಗಲಿ 52100 ಆಗಲಿ ಕೆಟ್ಟದ್ದಲ್ಲ, ಆದರೆ 1095ಕ್ಕೆ ತುಂಬಾ ಬೇಗ ತಣಿಸುವ ಎಣ್ಣೆ ಬೇಕು, 52100ಕ್ಕೆ ಬಿಸಿಯನ್ನು ಒಂದೇ ಮಟ್ಟದಲ್ಲಿ ಹಿಡಿದು ನಿಲ್ಲಿಸಬೇಕು. ಅದು ಆಮೇಲೆ.

ಗಡಸು ಮಾಡುವಾಗ ಒಂದು ಅಯಸ್ಕಾಂತ ಇದ್ದರೆ ಸಾಕು. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. 1084ಕ್ಕೆ 815ರ ಹತ್ತಿರ ಬೇಕು, ಅಂದರೆ ಅಂಟುವುದು ನಿಂತ ಮೇಲೆ ಬಣ್ಣ ಇನ್ನೊಂದು ಚೂರು ಏರಲು ಬಿಡಿ, ಅಷ್ಟೇ, ಹಳದಿಗೆ ಹೋಗಬಾರದು. ಅದಕ್ಕೆ ಮುಂಚೆ ಮೂರು ಸಲ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಿ, ಬಡಿತದಲ್ಲಿ ಒರಟಾದ ಕಣಗಳು ಸಣ್ಣಗಾಗುತ್ತವೆ. ಆಮೇಲೆ 50 ಡಿಗ್ರಿಗೆ ಬೆಚ್ಚಗೆ ಮಾಡಿದ ಅಡುಗೆ ಎಣ್ಣೆಗೆ ನೆಟ್ಟಗೆ ಇಳಿಸಿ. ನೀರು ಬೇಡ, ಬಿರುಕು ಬರುತ್ತದೆ. ಗಾಡಿಯ ಹಳೆ ಎಣ್ಣೆ ಬೇಡ, ಆ ಹೊಗೆ ವಿಷ. ಎಣ್ಣೆಯ ಪಾತ್ರೆ ಕಬ್ಬಿಣದ್ದೇ ಇರಲಿ, ಅದಕ್ಕೆ ಗಟ್ಟಿಯಾಗಿ ಕೂರುವ ಮುಚ್ಚಳ ಇರಲಿ, ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚದೆ ಮುಚ್ಚಳ ಮುಚ್ಚಬೇಕು.

ತೆಗೆದ ತಕ್ಷಣ ಅರ ಹಾಕಿ ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡಸು ಬಂತು. ಆದರೆ ಈ ಸ್ಥಿತಿಯಲ್ಲಿ ಕೈಜಾರಿ ನೆಲಕ್ಕೆ ಬಿದ್ದರೂ ಮುರಿಯುತ್ತದೆ, ಅದಕ್ಕೇ ಅದೇ ದಿನ 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ ಹದ ಮಾಡಿ. ಇದಕ್ಕೆ ದೊಡ್ಡ ಎಲೆಕ್ಟ್ರಿಕ್ ಒಲೆ ಬೇಕಿಲ್ಲ. ಸಣ್ಣ ಓವನ್ ಸಾಕು, ಆದರೆ ಅದರ ಬಿಸಿ ಏರಿಳಿಯುತ್ತದೆ, ಹಾಗಾಗಿ ಮರಳು ತುಂಬಿದ ತಟ್ಟೆಯಲ್ಲಿ ಅಲಗನ್ನು ಹೂತು, ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಉಕ್ಕು ಒಣ ಹುಲ್ಲಿನ ತೆಳು ಹಳದಿ ಬಣ್ಣಕ್ಕೆ ತಿರುಗಿದರೆ ಸರಿಯಾಗಿದೆ ಅಂತ ಅರ್ಥ.

ಮತ್ತೆ ಪ್ರಶ್ನೆ ಕೇಳಿದವರು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಮನಸಾರೆ ಧನ್ಯವಾದ. ಗಾಳಿಯ ವಿಷಯ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾಳೆಯೇ ಗೋಡೆಯ ಕೆಲಸ ಶುರು ಮಾಡಿಸುತ್ತೇನೆ. ಇನ್ನೆರಡು ಪ್ರಶ್ನೆ. ಗ್ಯಾಸ್ ಕುಲುಮೆನಾ, ಇದ್ದಿಲು ಕುಲುಮೆನಾ? ಅಡಿಗಲ್ಲಿಗೆ ಇಟ್ಟ ದುಡ್ಡಲ್ಲಿ ಬೆಲ್ಟ್ ಗ್ರೈಂಡರ್ ತರಲಾ?

ಮೂರನೇ ಉತ್ತರ

ಗ್ರೈಂಡರ್ ಬಗ್ಗೆ ನಾನು ಹೇಳುತ್ತೇನೆ. ತನ್ನಿ, ಆದರೆ ಮೊದಲ ಮೂರು ಚಾಕು ಅರದಲ್ಲೇ ಮಾಡಿ. ಒಂದು ಒಳ್ಳೆ ವೈಸ್, 12 ಇಂಚಿನ ಒರಟು ಅರ, ಒಂದು ನಯದ ಅರ, ಉಪ್ಪು ಕಾಗದ ಇದ್ದರೆ ಸಾಕು. ಅರದಲ್ಲಿ ನಿಧಾನ, ಆದ್ದರಿಂದ ತಪ್ಪೂ ನಿಧಾನವಾಗಿ ಆಗುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಗ್ರೈಂಡರ್‌ನಲ್ಲಿ 36 ಗ್ರಿಟ್‌ನ ಒರಟು ಬೆಲ್ಟ್ ಒಂದು ಕ್ಷಣದಲ್ಲಿ ತೆಗೆದದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ, ಅಲ್ವಾ? ಗಡಸಾದ ಮೇಲೆ ಉಜ್ಜುವಾಗ ಇನ್ನೊಂದು ಅಪಾಯ ಇದೆ. ಬಾಯಿಯ ಕಡೆ ನೀಲಿ ಬಣ್ಣ ಬಂದರೆ ಅಲ್ಲಿಯ ಹದ ಹೋಯಿತು. ಕೈಗವಸು ಹಾಕದೆ ಬರಿಗೈಯಲ್ಲಿ ಹಿಡಿದು, ಬಿಸಿ ತಟ್ಟಿದ ತಕ್ಷಣ ಪಕ್ಕದ ನೀರಿಗೆ ಅದ್ದಿ. ತಿರುಗುವ ಯಂತ್ರದ ಹತ್ತಿರ ಬಟ್ಟೆಯ ಕೈಗವಸು ಇರಲೇಬಾರದು, ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಹೊಳಪು ಕೊಡುವ ಬಫ್ ಚಕ್ರವನ್ನು ಸದ್ಯಕ್ಕೆ ಮರೆತುಬಿಡಿ. ಅಷ್ಟು ಮೆತ್ತಗೆ ಕಾಣುವ ಚಕ್ರ ಅಲಗಿನ ಬಾಯಿಯನ್ನು ಹಿಡಿದು ನಿಮ್ಮ ಕಡೆಗೇ ಎಸೆಯುತ್ತದೆ. ಇಡೀ ಶೆಡ್ಡಿನಲ್ಲಿ ನಾನು ಹೆದರುವ ಯಂತ್ರ ಅದೊಂದೇ.

ಗ್ರೈಂಡರ್ ಜೊತೆಗೇ ಮುಖಕ್ಕೆ ಬಿಗಿಯಾಗಿ ಕೂರುವ, ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ರೆಸ್ಪಿರೇಟರ್ ತನ್ನಿ. ಬಟ್ಟೆ ಮಾಸ್ಕ್ ಸುಮ್ನೆ ಸಮಾಧಾನಕ್ಕೆ, ಉಕ್ಕಿನ ಸಣ್ಣ ಧೂಳು ಅದನ್ನು ದಾಟಿ ಒಳಗೆ ಹೋಗುತ್ತದೆ. ಹಿಡಿಗೆ ಮರ ಉಜ್ಜುವ ದಿನ ಮೊದಲು ಗ್ರೈಂಡರ್ ಸುತ್ತಲಿನ ಉಕ್ಕಿನ ಧೂಳು ಗುಡಿಸಿ. ಮರದ ಪುಡಿಯ ರಾಶಿಗೆ ಉಕ್ಕಿನ ಕಿಡಿ ಬಿದ್ದರೆ ಒಳಗೊಳಗೇ ಕೆಂಡವಾಗಿ, ನೀವು ಬಾಗಿಲು ಹಾಕಿ ಹೋದ ಮೇಲೆ ಹೊತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂ ಉಜ್ಜುವುದಿದ್ದರೆ ಬೇರೆ ಜಾಗ, ಬೇರೆ ಬೆಲ್ಟ್. ಅದರ ಪುಡಿ ಕಬ್ಬಿಣದ ತುಕ್ಕಿನ ಜೊತೆ ಸೇರಿ ಕಿಡಿ ತಾಗಿದರೆ ಆರಿಸಲು ಆಗದ ಬೆಂಕಿ.

ಮೊದಲ ಉತ್ತರ ಬರೆದವರು

ಕುಲುಮೆಯ ಪ್ರಶ್ನೆಗೆ: ಚಾಕುವಿಗಾದರೆ ಗ್ಯಾಸ್. ಇದ್ದಿಲು ಕೈಗೆ ಬೇಗ ಸಿಗುತ್ತದೆ, ನನಗೆ ಅದರ ಮೇಲೆ ಪ್ರೀತಿಯೂ ಇದೆ, ಆದರೆ ಒಂದು ಕ್ಷಣ ಕಣ್ಣು ತಪ್ಪಿದರೆ ತೆಳು ತುದಿ ಕಿಡಿ ಕಾರುತ್ತಾ ಸುಟ್ಟುಹೋಗುತ್ತದೆ. ಗ್ಯಾಸ್‌ನಲ್ಲಿ ಇಡೀ ಅಲಗು ಒಂದೇ ಬಣ್ಣಕ್ಕೆ ಬರುವುದನ್ನು ನೋಡುತ್ತಾ ನಿಲ್ಲಬಹುದು. ಒಳಗೆ ಹಾಕುವ ಸೆರಾಮಿಕ್ ಉಣ್ಣೆಯನ್ನು ಮಾತ್ರ ಬರಿದೇ ಬಿಡಬೇಡಿ. ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಸುಲಭವಾಗಿ ಹೊರಗೆ ಬರುವುದಿಲ್ಲ. ಮೇಲೆ ಬೆಂಕಿ ತಡೆಯುವ ಸಿಮೆಂಟ್ ಪೂರ್ತಿ ಬಳಿದು ಒಣಗಿಸಿ ಆಮೇಲೆ ಹಚ್ಚಿ. ಕುಲುಮೆಯ ಡಬ್ಬಕ್ಕೂ ಸ್ಟ್ಯಾಂಡಿಗೂ ಸತು ಲೇಪನದ ತಗಡು ಬೇಡ, ಸತುವಿನ ಹೊಗೆಗೆ ಜ್ವರ ಬರುತ್ತದೆ.

ಜಾಗದ ಬಗ್ಗೆ ಒಂದು ಮಾತು. ಕುಲುಮೆಯಿಂದ ಅಡಿಗಲ್ಲಿಗೆ ಒಂದು ಹೆಜ್ಜೆ ತಿರುಗಿದರೆ ಸಿಗಬೇಕು, ತೆಳು ಅಲಗು ಕೆಲವೇ ಸೆಕೆಂಡಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಆ ಮೂಲೆ ಮಬ್ಬಾಗಿರಲಿ, ಬಿಸಿಲು ಬಿದ್ದರೆ ಉಕ್ಕಿನ ಬಣ್ಣ ತಿಳಿಯುವುದಿಲ್ಲ, ನೀವು ಜಾಸ್ತಿ ಕಾಯಿಸಿಬಿಡುತ್ತೀರಿ. ಗ್ರೈಂಡರ್ ಕಿಟಕಿ ಹತ್ತಿರ ಇರಲಿ, ಅಲ್ಲಿ ಬೆಳಕು ಎಷ್ಟಿದ್ದರೂ ಬೇಕು. ಎಣ್ಣೆ ಪಾತ್ರೆ ನೀವು ಓಡಾಡುವ ದಾರಿಯಲ್ಲಿ ಬೇಡ, ನಿಮಗೂ ಬಾಗಿಲಿಗೂ ನಡುವೆ ಅಂತೂ ಬೇಡವೇ ಬೇಡ. ಗೋಡೆಯ ಕಿಂಡಿ ಆದ ಮೇಲೆ, ಏನನ್ನೂ ನೆಲಕ್ಕೆ ಬಿಗಿಯುವ ಮುಂಚೆ, ಎಲ್ಲದರ ಜಾಗವನ್ನು ಸೀಮೆಸುಣ್ಣದಲ್ಲಿ ಬರೆದು, ಕೈಯಲ್ಲಿ ಇಕ್ಕಳ ಹಿಡಿದುಕೊಂಡು ಖಾಲಿ ಶೆಡ್ಡಿನಲ್ಲೇ ಹತ್ತು ಸಲ ನಡೆದು ನೋಡಿ. ಫೋಟೋ ಹಾಕಿ, ನಾವೂ ನೋಡುತ್ತೇವೆ.