ಇಲಿನಾಯ್ ರಾಜ್ಯದ ಸೆನೆಟರುಗಳು: ಆಯ್ಕೆಯ ಅಧಿಕಾರ ಶಾಸಕರಿಂದ ಮತದಾರರ ಕೈಗೆ ಬಂದದ್ದು ಹೇಗೆ?

ಪ್ರಶ್ನೆ: ಉಪನ್ಯಾಸಕಿ, ದಾವಣಗೆರೆ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತಿದ್ದೇನೆ. ಅಮೆರಿಕದ ಸೆನೆಟ್ ಕುರಿತ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಎತ್ತುತ್ತಾರೆ. ನಮ್ಮ ರಾಜ್ಯಸಭಾ ಸದಸ್ಯರನ್ನು ಶಾಸಕರು ಆರಿಸುತ್ತಾರೆ, ಅಲ್ಲಿನ ಸೆನೆಟರುಗಳನ್ನು ಮತದಾರರೇ ಆರಿಸುತ್ತಾರೆ. ಈ ವ್ಯತ್ಯಾಸ ಮೊದಲಿನಿಂದಲೂ ಇತ್ತೇ ಎಂಬುದು ಅವರ ಪ್ರಶ್ನೆ. 1913ರ 17ನೇ ತಿದ್ದುಪಡಿಗೆ ಮುಂಚೆ ಅಲ್ಲಿಯೂ ಶಾಸನಸಭೆಗಳೇ ಆರಿಸುತ್ತಿದ್ದವೆಂದು ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ನೂರಕ್ಕೂ ಹೆಚ್ಚು ವರ್ಷ ನಡೆದುಬಂದ ಪದ್ಧತಿಯೊಂದನ್ನು ಜನರು ಏಕೆ ಕೈಬಿಟ್ಟರು ಎಂಬುದನ್ನು ಒಂದು ವಾಕ್ಯದಿಂದ ಅರ್ಥಮಾಡಿಸಲು ಆಗುವುದಿಲ್ಲ. ಆದ್ದರಿಂದ ಒಂದೇ ರಾಜ್ಯವನ್ನು, ಲಿಂಕನ್ ಅವರ ನೆನಪಿನಿಂದಾಗಿ ಇಲಿನಾಯ್ ರಾಜ್ಯವನ್ನು, ಎತ್ತಿಕೊಂಡು ಅದರ ಸೆನೆಟ್ ಚುನಾವಣೆಗಳ ಮೂಲಕವೇ ಈ ಬದಲಾವಣೆಯನ್ನು ವಿವರಿಸಬೇಕೆಂದಿದ್ದೇನೆ. ಯಾವ ಘಟ್ಟಗಳನ್ನು ಬಿಡಲೇಬಾರದು? ಆ ಚರಿತ್ರೆಯನ್ನು ನಮ್ಮ ರಾಜ್ಯಸಭೆಯ ಜೊತೆಗಿಟ್ಟು ನೋಡುವುದು ಎಷ್ಟರ ಮಟ್ಟಿಗೆ ಸರಿ?

ಉತ್ತರ: ನಿವೃತ್ತ ಇತಿಹಾಸ ಶಿಕ್ಷಕ, ಚಿತ್ರದುರ್ಗ

ಇಲಿನಾಯ್ ಒಳ್ಳೆಯ ಆಯ್ಕೆ. 1818ರಲ್ಲಿ ರಾಜ್ಯವಾದಾಗ ಅದು ನಿನಿಯನ್ ಎಡ್ವರ್ಡ್ಸ್ ಮತ್ತು ಜೆಸ್ಸಿ ಥಾಮಸ್ ಅವರನ್ನು ತನ್ನ ಮೊದಲ ಸೆನೆಟರುಗಳನ್ನಾಗಿ ಕಳುಹಿಸಿತು. ಆರಂಭದ ದಶಕಗಳನ್ನು ತರಗತಿಯಲ್ಲಿ ಬೇಗ ದಾಟಿಬಿಡಿ. ನಿಲ್ಲಬೇಕಾದದ್ದು 1855 ಮತ್ತು 1858ರಲ್ಲಿ.

ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಲು ದಾರಿ ಮಾಡಿಕೊಟ್ಟ 1854ರ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆಯನ್ನು ಮುಂದಿಟ್ಟವರು ಇಲಿನಾಯ್‌ನವರೇ ಆದ ಸೆನೆಟರ್ ಸ್ಟೀಫನ್ ಡಗ್ಲಸ್. ಅದನ್ನು ವಿರೋಧಿಸಿ ರಾಜಕೀಯಕ್ಕೆ ಮರಳಿದ ಲಿಂಕನ್ ಆ ವರ್ಷ ರಾಜ್ಯದ ಶಾಸನಸಭೆಗೆ ಗೆದ್ದರೂ ಆ ಸ್ಥಾನವನ್ನು ಒಪ್ಪಿಕೊಳ್ಳಲಿಲ್ಲ; ಶಾಸಕರಾದವರು ಸೆನೆಟಿಗೆ ಆಯ್ಕೆಯಾಗಲು ರಾಜ್ಯದ ನಿಯಮ ಅಡ್ಡಿಯಾಗಿತ್ತು. 1855ರ ಫೆಬ್ರವರಿಯಲ್ಲಿ ಶಾಸನಸಭೆ ಮತ ಹಾಕಿದಾಗ ಮೊದಲ ಸುತ್ತಿನಲ್ಲಿ ಮುಂದಿದ್ದವರು ಲಿಂಕನ್. ಲೈಮನ್ ಟ್ರಂಬುಲ್ ಅವರಿಗೆ ಬಿದ್ದದ್ದು 5 ಮತ ಮಾತ್ರ. ಆದರೆ ಕಾಯ್ದೆಯನ್ನು ವಿರೋಧಿಸುತ್ತಿದ್ದ ಆ ಐವರು ಡೆಮಾಕ್ರಟಿಕ್ ಶಾಸಕರು ವ್ಹಿಗ್ ಪಕ್ಷದ ಲಿಂಕನ್ ಅವರಿಗೆ ಮತ ಕೊಡಲು ಕೊನೆಯವರೆಗೂ ಒಪ್ಪಲಿಲ್ಲ. ಸುತ್ತುಗಳು ಮುಂದುವರಿದಂತೆ ಗವರ್ನರ್ ಜೋಯಲ್ ಮ್ಯಾಟೆಸನ್ ಗೆಲ್ಲುವ ಲಕ್ಷಣ ಕಂಡುಬಂದಾಗ, ಲಿಂಕನ್ ತಮ್ಮ ಬೆಂಬಲಿಗರನ್ನು ಟ್ರಂಬುಲ್ ಕಡೆಗೆ ತಿರುಗಿಸಿದರು. ಹತ್ತನೆಯ ಸುತ್ತಿನಲ್ಲಿ ಟ್ರಂಬುಲ್ 51 ಮತ ಪಡೆದು ಗೆದ್ದರು. ತಮ್ಮ ಗೆಲುವಿಗಿಂತ ತಮ್ಮ ನಿಲುವು ಉಳಿಯುವುದು ಮುಖ್ಯವೆಂದು ಒಬ್ಬ ಮನುಷ್ಯ ತೀರ್ಮಾನಿಸಿದ ಕ್ಷಣವೆಂದು ನಾನು ಇದನ್ನು ಗೌರವದಿಂದ ನೋಡುತ್ತೇನೆ.

1858ರ ಕಥೆ ಇನ್ನೂ ಮುಖ್ಯ. ಆ ಜೂನ್ ತಿಂಗಳಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೇರಿದ ರಿಪಬ್ಲಿಕನ್ ಸಮಾವೇಶ ಸೆನೆಟಿಗೆ ಲಿಂಕನ್ ಅವರೇ ತಮ್ಮ ಆಯ್ಕೆಯೆಂದು ಮುಂಚಿತವಾಗಿಯೇ ಸಾರಿತು. ಅಂದಿನ ಕಾಲಕ್ಕೆ ಅದು ಅಪರೂಪದ ನಡೆ. ಆಗಸ್ಟ್ 21ರಿಂದ ಅಕ್ಟೋಬರ್ 15ರವರೆಗೆ ಒಟಾವದಿಂದ ಆಲ್ಟನ್‌ವರೆಗೆ ಏಳು ಊರುಗಳಲ್ಲಿ ಲಿಂಕನ್ ಮತ್ತು ಡಗ್ಲಸ್ ಮುಖಾಮುಖಿಯಾದರು. ಮೊದಲು ಮಾತನಾಡುವವರಿಗೆ ಒಂದು ಗಂಟೆ, ಎದುರಾಳಿಗೆ ಒಂದೂವರೆ ಗಂಟೆ, ಮತ್ತೆ ಮೊದಲಿನವರಿಗೆ ಅರ್ಧ ಗಂಟೆ. ಸಾವಿರಾರು ಜನ ನಿಂತು ಕೇಳಿದರು. ಹಾಗೆ ಕೇಳಿದ ಜನರಲ್ಲಿ ಯಾರೊಬ್ಬರಿಗೂ ಇವರಿಬ್ಬರ ಪೈಕಿ ಒಬ್ಬರಿಗೆ ಮತ ಹಾಕುವ ಹಕ್ಕಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಿ. ಅವರು ಮತ ಹಾಕಿದ್ದು ತಮ್ಮ ಸ್ಥಳೀಯ ಶಾಸಕರಿಗೆ. ರಾಜ್ಯದಾದ್ಯಂತ ರಿಪಬ್ಲಿಕನ್ನರಿಗೆ ಡಗ್ಲಸ್ ಪಕ್ಷಕ್ಕಿಂತ ತುಸು ಹೆಚ್ಚು ಮತ ಬಂದಿದ್ದರೂ, ಕ್ಷೇತ್ರಗಳ ಹಂಚಿಕೆ ಹಳೆಯ ಜನಗಣತಿಯನ್ನು ಆಧರಿಸಿದ್ದರಿಂದಲೂ, ಆ ವರ್ಷ ಚುನಾವಣೆಯನ್ನೇ ಎದುರಿಸಬೇಕಿಲ್ಲದ ರಾಜ್ಯ ಸೆನೆಟ್ (ರಾಜ್ಯ ಶಾಸನಸಭೆಯ ಮೇಲ್ಮನೆ) ಸದಸ್ಯರಲ್ಲಿ ಡೆಮಾಕ್ರಟರು ಹೆಚ್ಚಿದ್ದುದರಿಂದಲೂ, 1859ರ ಜನವರಿಯಲ್ಲಿ ಶಾಸನಸಭೆ 54–46 ಮತಗಳಿಂದ ಡಗ್ಲಸ್ ಅವರನ್ನೇ ಮತ್ತೆ ಆರಿಸಿತು. ಪರೋಕ್ಷ ಚುನಾವಣೆಯಲ್ಲಿ ಜನರ ಒಲವು ಎಲ್ಲಿ ಸೋರಿಹೋಗುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಉತ್ತರ: ವಕೀಲ, ದಾವಣಗೆರೆ

ಮೇಲಿನ ಉತ್ತರಕ್ಕೆ ಕಾನೂನಿನ ಭಾಗವನ್ನು ಸೇರಿಸುತ್ತೇನೆ. ಶಾಸನಸಭೆಗಳು ಹೇಗೆ ಮತ ಹಾಕಬೇಕೆಂಬುದಕ್ಕೆ 1866ರವರೆಗೆ ಏಕರೂಪದ ನಿಯಮವಿರಲಿಲ್ಲ. ಆ ವರ್ಷ ಸಂಸತ್ತು ಮಾಡಿದ ಕಾಯ್ದೆಯ ಪ್ರಕಾರ ಎರಡು ಸದನಗಳು ಮೊದಲು ಪ್ರತ್ಯೇಕವಾಗಿ ಮತ ಹಾಕಬೇಕು. ಒಮ್ಮತ ಬಾರದಿದ್ದರೆ ಜಂಟಿಯಾಗಿ ಸೇರಿ, ಬಹುಮತ ಸಿಗುವವರೆಗೆ ದಿನಕ್ಕೆ ಒಮ್ಮೆಯಾದರೂ ಮತ ಹಾಕಬೇಕು. ಗೊಂದಲ ನಿವಾರಿಸಲು ಬಂದ ಈ ನಿಯಮವೇ ಬಿಕ್ಕಟ್ಟನ್ನು ತಿಂಗಳುಗಟ್ಟಲೆ ಎಳೆಯಲು ಅವಕಾಶ ಕೊಟ್ಟಿತು. ಡೆಲವೇರ್ ರಾಜ್ಯವಂತೂ 1901ರಿಂದ 1903ರವರೆಗೆ ಒಬ್ಬ ಸೆನೆಟರೂ ಇಲ್ಲದೆ ಉಳಿಯಿತು.

ಇಲಿನಾಯ್ ಮಟ್ಟಿಗೆ ನಿರ್ಣಾಯಕವಾದದ್ದು ವಿಲಿಯಂ ಲೊರಿಮರ್ ಪ್ರಕರಣ. 1909ರ ಜನವರಿಯಲ್ಲಿ ಆರಂಭವಾದ ಜಗ್ಗಾಟ ಮೇ ತಿಂಗಳವರೆಗೂ ನಡೆದು, 95ನೆಯ ಸುತ್ತಿನಲ್ಲಿ ರಿಪಬ್ಲಿಕನ್ ಪಕ್ಷದ ಲೊರಿಮರ್ 108 ಮತ ಪಡೆದರು. ಅವುಗಳಲ್ಲಿ ಸುಮಾರು ಅರ್ಧದಷ್ಟು ಎದುರು ಪಕ್ಷದ ಶಾಸಕರದ್ದು. ಮರುವರ್ಷ ಏಪ್ರಿಲ್‌ನಲ್ಲಿ ಚಾರ್ಲ್ಸ್ ವೈಟ್ ಎಂಬ ಶಾಸಕ, ತನ್ನ ಮತಕ್ಕೆ 1,000 ಡಾಲರ್ ಪಡೆದೆನೆಂದು ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಒಪ್ಪಿಕೊಂಡರು. 1911ರಲ್ಲಿ ನಡೆದ ಮೊದಲ ಮತದಾನದಲ್ಲಿ ಸೆನೆಟ್ 46–40ರಿಂದ ಲೊರಿಮರ್ ಅವರನ್ನು ಉಳಿಸಿಕೊಂಡಿತು. ದೇಶದಾದ್ಯಂತ ಎದ್ದ ಆಕ್ರೋಶಕ್ಕೆ ಎರಡನೆಯ ತನಿಖೆ ನಡೆದು, 1912ರ ಜುಲೈ 13ರಂದು 55–28 ಮತಗಳಿಂದ ಆ ಆಯ್ಕೆಯೇ ಅಸಿಂಧುವೆಂದು ತೀರ್ಮಾನವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸಂಸತ್ತು 17ನೇ ತಿದ್ದುಪಡಿಯನ್ನು ಅಂಗೀಕರಿಸಿತ್ತು. 1913ರ ಏಪ್ರಿಲ್ 8ರ ಹೊತ್ತಿಗೆ ಅಗತ್ಯವಿದ್ದಷ್ಟು ರಾಜ್ಯಗಳ ಸಮ್ಮತಿಯೂ ದೊರೆಯಿತು. ಲೊರಿಮರ್ ಒಬ್ಬರಿಂದಲೇ ತಿದ್ದುಪಡಿ ಬಂತೆನ್ನಬೇಡಿ. ಆರೆಗಾನ್‌ನಂತಹ ರಾಜ್ಯಗಳು ಜನಾಭಿಪ್ರಾಯ ಪಡೆದು ಶಾಸಕರನ್ನು ಅದಕ್ಕೆ ಬದ್ಧಗೊಳಿಸುವ ಕ್ರಮವನ್ನು ಆಗಲೇ ರೂಢಿಸಿದ್ದವು.

ಇನ್ನು ನಮ್ಮಲ್ಲಿ. ಸಂವಿಧಾನದ 80ನೇ ವಿಧಿಯಂತೆ ವಿಧಾನಸಭೆಯ ಚುನಾಯಿತ ಸದಸ್ಯರು ಏಕ ವರ್ಗಾವಣೀಯ ಮತದ (ಅಭ್ಯರ್ಥಿಗಳನ್ನು ಆದ್ಯತೆಯ ಕ್ರಮದಲ್ಲಿ ಗುರುತಿಸುವ ಮತ) ಮೂಲಕ ಪ್ರಮಾಣಾನುಗುಣವಾಗಿ ರಾಜ್ಯಸಭಾ ಸದಸ್ಯರನ್ನು ಆರಿಸುತ್ತಾರೆ. ಕರ್ನಾಟಕದ 12 ಸ್ಥಾನಗಳಲ್ಲಿ ನಾಲ್ಕಕ್ಕೆ ಚುನಾವಣೆ ನಡೆದರೆ, 224 ಶಾಸಕರೂ ಮತ ಹಾಕಿದಾಗ ಗೆಲುವಿಗೆ ಬೇಕಾಗುವುದು 45 ಮತ. ಹೀಗಾಗಿ ಅಮೆರಿಕದಲ್ಲಿ ಕಂಡ ತಿಂಗಳುಗಟ್ಟಲೆ ಬಿಕ್ಕಟ್ಟು ಇಲ್ಲಿ ಹುಟ್ಟುವುದೇ ಇಲ್ಲ. ಒಂದೇ ದಿನದ ಎಣಿಕೆಯಲ್ಲಿ ಫಲಿತಾಂಶ ಬರುತ್ತದೆ. ಆದರೆ ಮತ ಮಾರಾಟದ ಅನುಮಾನ ಇಲ್ಲಿಯೂ ಇತ್ತು. ಅಮೆರಿಕ ಅದಕ್ಕೆ ಉತ್ತರವಾಗಿ ಮತವನ್ನು ಜನರಿಗೆ ಕೊಟ್ಟಿತು. ಭಾರತ 2003ರ ತಿದ್ದುಪಡಿಯಿಂದ ಮತಪತ್ರವನ್ನು ಬಹಿರಂಗಗೊಳಿಸಿತು. ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಿ ಪೆಟ್ಟಿಗೆಗೆ ಹಾಕಬೇಕು; ಬೇರೆಯವರಿಗೆ ತೋರಿಸಿದರೆ ಮತ ಅಸಿಂಧು, 2017ರಲ್ಲಿ ಗುಜರಾತಿನ ಇಬ್ಬರು ಶಾಸಕರ ಮತಗಳಿಗೆ ಆದದ್ದೂ ಅದೇ. ಅಭ್ಯರ್ಥಿ ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತನ್ನೂ ಅದೇ ತಿದ್ದುಪಡಿ ತೆಗೆದುಹಾಕಿತು. ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಎರಡನ್ನೂ ಎತ್ತಿಹಿಡಿಯಿತು.

ಉತ್ತರ: ಮಾಜಿ ಗ್ರಾಮ ಪಂಚಾಯಿತಿ ಸದಸ್ಯ, ಹಿರಿಯೂರು ತಾಲ್ಲೂಕು

ವಿಧಾನ ಪರಿಷತ್ತಿನ ಚಿತ್ರದುರ್ಗ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತ ಹಾಕಿದವನಾಗಿ ಒಂದು ಮಾತು ಹೇಳಬೇಕೆನಿಸಿದೆ. ಪರೋಕ್ಷ ಚುನಾವಣೆಯ ಮತದಾರನ ಮೇಲೆ ಬೀಳುವ ಒತ್ತಡವೇ ಬೇರೆ. ಮತದಾರರ ಸಂಖ್ಯೆ ಕಡಿಮೆಯಾದಷ್ಟೂ ಪ್ರತಿಯೊಬ್ಬರ ಹೆಸರು, ಮನೆ, ನೆಂಟಸ್ತಿಕೆ ಅಭ್ಯರ್ಥಿಗಳ ಕಡೆಯವರಿಗೆ ಗೊತ್ತಿರುತ್ತದೆ. ನಮ್ಮದು ಗುಪ್ತ ಮತದಾನವಾದ್ದರಿಂದ ಒಳಗೆ ಹೋದ ಮೇಲಾದರೂ ನನ್ನ ವಿವೇಚನೆ ನನ್ನದಾಗಿತ್ತು. ರಾಜ್ಯಸಭೆಯ ಬಹಿರಂಗ ಮತದಿಂದ ಲಂಚದ ದಾರಿ ಕಿರಿದಾಗಿರಬಹುದು, ಆದರೆ ಶಾಸಕನ ವಿವೇಚನೆಯೂ ಅದರ ಜೊತೆಗೇ ಪಕ್ಷದ ಕೈ ಸೇರಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. 1855ರ ಆ ಐವರು ಶಾಸಕರಂಥವರು ಇಂದು ಇದ್ದಿದ್ದರೆ ಏಜೆಂಟರ ಮುಂದೆ ಮತಪತ್ರ ಬಿಡಿಸಿ ನಿಲ್ಲಬೇಕಿತ್ತು.

ಹಾಗೆಂದು ನೇರ ಚುನಾವಣೆಯಿಂದ ಹಣದ ಪ್ರಭಾವ ತೊಲಗಿತೆಂದು ತರಗತಿಯಲ್ಲಿ ಹೇಳುವುದೂ ಸರಿಯಾಗದು. ಇಲಿನಾಯ್‌ನಲ್ಲಿಯೇ 1926ರಲ್ಲಿ ಜನರ ಮತದಿಂದ ಗೆದ್ದ ಫ್ರಾಂಕ್ ಸ್ಮಿತ್ ಅವರನ್ನು ಸೆನೆಟ್ ಒಳಗೆ ಬಿಟ್ಟುಕೊಳ್ಳಲಿಲ್ಲ. ವಿದ್ಯುತ್ ಮುಂತಾದ ಸೇವಾ ಕಂಪನಿಗಳನ್ನು ನಿಯಂತ್ರಿಸುವ ರಾಜ್ಯ ಆಯೋಗದ ಅಧ್ಯಕ್ಷರಾಗಿದ್ದಾಗಲೇ ಅವರು ಅಂತಹ ಕಂಪನಿಗಳ ಒಡೆಯ ಸ್ಯಾಮ್ಯುಯೆಲ್ ಇನ್ಸಲ್ ಅವರಿಂದ ಚುನಾವಣೆಗೆ ಭಾರಿ ಹಣ ಪಡೆದಿದ್ದರು. ಮೊದಲು ಶಾಸಕರ ಕಡೆಗೆ ಹರಿಯುತ್ತಿದ್ದ ಹಣ ನಂತರ ಪ್ರಚಾರದ ಕಡೆಗೆ ಹರಿಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಅವಧಿಯ ನಡುವೆ ಸ್ಥಾನ ತೆರವಾದರೆ ಅಲ್ಲಿಯೂ ಜನರೇ ಆರಿಸುತ್ತಾರೆಯೇ? ಎರಡೂ ಪದ್ಧತಿಗಳನ್ನು ಕಂಡ ಒಬ್ಬ ಸೆನೆಟರನ್ನು ಉದಾಹರಿಸಲು ಸಾಧ್ಯವೇ?

ಉತ್ತರ: ನಿವೃತ್ತ ಇತಿಹಾಸ ಶಿಕ್ಷಕ, ಚಿತ್ರದುರ್ಗ

ತೆರವಾದ ಸ್ಥಾನಕ್ಕೆ ಚುನಾವಣೆಯೇ ನಡೆಯಬೇಕು, ಆದರೆ ಅಲ್ಲಿಯವರೆಗೆ ತಾತ್ಕಾಲಿಕ ನೇಮಕ ಮಾಡುವ ಅಧಿಕಾರವನ್ನು ಶಾಸನಸಭೆ ಗವರ್ನರ್‌ಗೆ ಕೊಡಬಹುದೆಂದು 17ನೇ ತಿದ್ದುಪಡಿಯೇ ಹೇಳುತ್ತದೆ. 2008ರಲ್ಲಿ ಬರಾಕ್ ಒಬಾಮ ಅಧ್ಯಕ್ಷರಾಗಿ ಆಯ್ಕೆಯಾಗಿ ಸೆನೆಟ್ ಸ್ಥಾನ ಬಿಟ್ಟಾಗ, ಆ ನೇಮಕದಿಂದ ಲಾಭ ಪಡೆಯಲು ಯತ್ನಿಸಿದ ಆರೋಪದ ಮೇಲೆ ಗವರ್ನರ್ ರಾಡ್ ಬ್ಲಗೋಯೆವಿಚ್ ಡಿಸೆಂಬರ್‌ನಲ್ಲಿ ಬಂಧಿತರಾದರು. ಮುಂದೆ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಬಂಧನದ ನಂತರವೂ ಅವರು ರೋಲಂಡ್ ಬರಿಸ್ ಅವರನ್ನು ನೇಮಿಸಿದರು. 2010ರ ನವೆಂಬರ್‌ನಲ್ಲಿ ಉಳಿದ ಕೆಲವೇ ವಾರಗಳಿಗೆ ಒಂದು, ಮುಂದಿನ ಆರು ವರ್ಷಗಳಿಗೆ ಒಂದು ಎಂದು ಒಂದೇ ದಿನ ಎರಡು ಚುನಾವಣೆಗಳು ನಡೆದು, ಎರಡರಲ್ಲೂ ಮಾರ್ಕ್ ಕರ್ಕ್ ಗೆದ್ದರು. ನಮ್ಮಲ್ಲಿ ಇಂತಹ ನೇಮಕಕ್ಕೆ ಅವಕಾಶವಿಲ್ಲ. 2020ರಲ್ಲಿ ಅಶೋಕ್ ಗಸ್ತಿಯವರ ನಿಧನದಿಂದ ತೆರವಾದ ಸ್ಥಾನಕ್ಕೆ ಉಪಚುನಾವಣೆ ಘೋಷಣೆಯಾಗಿ ಕೆ. ನಾರಾಯಣ ಅವಿರೋಧವಾಗಿ ಆಯ್ಕೆಯಾದರು.

ನಿಮ್ಮ ಎರಡನೆಯ ಪ್ರಶ್ನೆಗೆ ತಕ್ಕವರು ಜೇಮ್ಸ್ ಹ್ಯಾಮಿಲ್ಟನ್ ಲೂಯಿಸ್. ತಿದ್ದುಪಡಿ ಜಾರಿಗೆ ಬರುವ ಕೆಲವೇ ವಾರಗಳ ಮುಂಚೆ, 1913ರಲ್ಲಿ, ಇಲಿನಾಯ್ ಶಾಸನಸಭೆ ಅವರನ್ನೂ ಲಾರೆನ್ಸ್ ಶರ್ಮನ್ ಅವರನ್ನೂ ಸೆನೆಟಿಗೆ ಕಳುಹಿಸಿತು. ಶರ್ಮನ್ 1914ರಲ್ಲಿ ಜನರ ಮತದಿಂದಲೂ ಗೆದ್ದರು. ಲೂಯಿಸ್ 1918ರಲ್ಲಿ ಮೆಡಿಲ್ ಮೆಕಾರ್ಮಿಕ್ ಎದುರು ಸೋತು, 1930ರಲ್ಲಿ ಅದೇ ಮೆಕಾರ್ಮಿಕ್ ಅವರ ಪತ್ನಿ, ಆ ಹೊತ್ತಿಗೆ ವಿಧವೆಯಾಗಿದ್ದ ರೂತ್ ಹನ್ನಾ ಮೆಕಾರ್ಮಿಕ್ ಅವರನ್ನು ಸೋಲಿಸಿ ಮರಳಿದರು. ಪ್ರಮುಖ ಪಕ್ಷವೊಂದು ಸೆನೆಟಿಗೆ ಮಹಿಳೆಯನ್ನು ಅಭ್ಯರ್ಥಿಯಾಗಿಸಿದ್ದು ಇಲಿನಾಯ್‌ನಲ್ಲಿ ಅದೇ ಮೊದಲು. ಆ ರಾಜ್ಯದಿಂದ ಮಹಿಳೆಯೊಬ್ಬರು ಗೆದ್ದು ಬರಲು ಮಾತ್ರ 1992ರವರೆಗೆ ಕಾಯಬೇಕಾಯಿತು; ಆ ವರ್ಷ ಗೆದ್ದ ಕ್ಯಾರಲ್ ಮೋಸ್ಲಿ ಬ್ರೌನ್ ಇಡೀ ಅಮೆರಿಕದಲ್ಲಿಯೇ ಸೆನೆಟ್ ಪ್ರವೇಶಿಸಿದ ಮೊದಲ ಕಪ್ಪು ಮಹಿಳೆ. ನಿಮ್ಮ ಪಾಠದಲ್ಲಿ ಅವರಿಗೂ ಜಾಗವಿರಲಿ.