ಲೋಕಸಭೆಯ ಮಹಿಳಾ ಅಭ್ಯರ್ಥಿಗಳ ಸುದ್ದಿಯಲ್ಲಿ ಏನನ್ನು ಎಣಿಸಬೇಕು?

ಕಾಪು ದೀಪಸ್ತಂಭ
ಉಡುಪಿಯ ನಮ್ಮ ಓದುಗರ ಬಳಗಕ್ಕೆ ಒಂದು ಯೋಚನೆ ಉಂಟು. ಮುಂದಿನ ಲೋಕಸಭೆ ಚುನಾವಣೆಯಲ್ಲಿ ಪಕ್ಷಗಳು ಮತ್ತು ಪತ್ರಿಕೆಗಳು ಮಹಿಳಾ ಅಭ್ಯರ್ಥಿಗಳನ್ನು ಹೇಗೆ ನಡೆಸಿಕೊಳ್ತವೆ ಅಂತ ಲೆಕ್ಕ ಸಮೇತ ವರದಿ ಮಾಡುವುದು. 2024ರ ಇ-ಪೇಪರ್‌ಗಳಲ್ಲಿ ಮೊದಲು ಅಭ್ಯಾಸ ಮಾಡಿಕೊಳ್ಳುವಾ ಅಂತ ಹೊರಟರೆ, ಉಡುಪಿ-ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಎರಡರಲ್ಲೂ ದೊಡ್ಡ ಪಕ್ಷಗಳಿಂದ ನಿಂತವರು ಗಂಡಸರೇ. ಹಾಗಾದರೆ ಯಾವ ಕ್ಷೇತ್ರ ಹಿಡಿಯುವುದು? ಸುದ್ದಿಯಲ್ಲಿ ಏನನ್ನು ಎಣಿಸುವುದು? ಪಕ್ಷದ ತಪ್ಪು ಯಾವುದು, ಮಾಧ್ಯಮದ ತಪ್ಪು ಯಾವುದು ಅಂತ ಬೇರೆ ಮಾಡುವುದು ಹೇಗೆ? ಪ್ರಚಾರದ ಹೊತ್ತಿಗೆ ಅಶ್ಲೀಲ ಪೋಸ್ಟ್ ಕಣ್ಣಿಗೆ ಬಿದ್ದರೆ ದೂರು ಕೊಡುವ ಕ್ರಮವನ್ನೂ ತಿಳಿದವರು ಹೇಳಿ.

ಮಣ್ಣಪಳ್ಳ
ಕ್ಷೇತ್ರಕ್ಕಾಗಿ ದೂರ ಹೋಗಬೇಕಾಗಿಲ್ಲ. ಬೈಂದೂರು ಉಡುಪಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಶಿವಮೊಗ್ಗಕ್ಕೆ ಸೇರ್ತದೆ. 2024ರಲ್ಲಿ ಅಲ್ಲಿ ಕಾಂಗ್ರೆಸ್‌ನಿಂದ ಗೀತಾ ಶಿವರಾಜ್‌ಕುಮಾರ್, ಬಿಜೆಪಿಯಿಂದ ಬಿ.ವೈ. ರಾಘವೇಂದ್ರ, ಪಕ್ಷೇತರರಾಗಿ ಕೆ.ಎಸ್. ಈಶ್ವರಪ್ಪ. ಗೀತಾ ಎಸ್. ಬಂಗಾರಪ್ಪನವರ ಮಗಳು, ರಾಘವೇಂದ್ರ ಬಿ.ಎಸ್. ಯಡಿಯೂರಪ್ಪನವರ ಮಗ. ಇಬ್ಬರ ತಂದೆಯೂ ಮುಖ್ಯಮಂತ್ರಿ ಆಗಿದ್ದವರು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ. ಯಾರ ಸುದ್ದಿಯಲ್ಲಿ ಅಪ್ಪನ ಹೆಸರು ಎಷ್ಟು ಸಲ ಬಂತು, ಬಾಳಸಂಗಾತಿಯ ಹೆಸರು ಎಷ್ಟು ಸಲ ಬಂತು ಅಂತ ನೋಡಿ. ಒಂದು ಎಚ್ಚರ ಬೇಕು: ಶಿವರಾಜ್‌ಕುಮಾರ್ ಸ್ವತಃ ಪ್ರಚಾರಕ್ಕೆ ಇಳಿದಿದ್ದ ನಟ. ಅವರು ಸಭೆಯಲ್ಲಿದ್ದ ಕಾರಣಕ್ಕೆ ಬಂದ ಹೆಸರು ಬೇರೆ, ಅಭ್ಯರ್ಥಿಯನ್ನು ಗುರುತಿಸಲಿಕ್ಕೆ ಅಂಟಿಸಿದ ಹೆಸರು ಬೇರೆ. ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿದರೆ ಲೆಕ್ಕ ಕೆಡ್ತದೆ.

ತಾರೀಕಿನಲ್ಲೂ ಜಾಗ್ರತೆ. ಉಡುಪಿ-ಚಿಕ್ಕಮಗಳೂರಿಗೆ ಮತದಾನ ಏಪ್ರಿಲ್ 26ಕ್ಕೆ, ಶಿವಮೊಗ್ಗಕ್ಕೆ ಮೇ 7ಕ್ಕೆ. ಏಪ್ರಿಲ್ 26ಕ್ಕೇ ನಿಲ್ಲಿಸಿದರೆ ಬೈಂದೂರಿನ ಪ್ರಚಾರದ ಬಿಸಿ ಏರಿದ ಕೊನೆಯ 11 ದಿನ ಕೈತಪ್ಪುತ್ತದೆ. ಆರಂಭ ಮಾತ್ರ ಟಿಕೆಟ್ ಪಟ್ಟಿ ಬಂದ ದಿನದಿಂದಲೇ ಇರಲಿ. ಅಭ್ಯರ್ಥಿಗೆ ಅಂಟುವ ಹಣೆಪಟ್ಟಿ ಮೊದಲ ವಾರದಲ್ಲೇ ಅಂಟುತ್ತದೆ, ಆಮೇಲೆ ಎಲ್ಲರೂ ಅದನ್ನೇ ನಕಲು ಮಾಡ್ತಾರೆ.

ಪ್ರತಿ ಸುದ್ದಿಗೆ ಒಂದು ಸಾಲು. ಅದರಲ್ಲಿ ತಾರೀಕು, ಪುಟ, ಸುದ್ದಿಯ ಅಳತೆ, ಚಿತ್ರ ಉಂಟಾ, ಚಿತ್ರದಲ್ಲಿ ಅಭ್ಯರ್ಥಿ ಒಬ್ಬರೇ ಇದ್ದಾರಾ ಮನೆಯವರ ಜೊತೆಯಾ, ಉದ್ಧರಣ ಚಿಹ್ನೆಯೊಳಗಿನ ಮಾತು ಅಭ್ಯರ್ಥಿಯದ್ದಾ ಬೇರೆಯವರದ್ದಾ ಅಂತ ಬರೆಯಿರಿ. ನನ್ನ ಪ್ರಕಾರ ಕೊನೆಯದ್ದೇ ಮುಖ್ಯ. ಉಡುಗೆ ಬಗ್ಗೆ ಬರೆದದ್ದು ಯಾರ ಕಣ್ಣಿಗೂ ಬೀಳ್ತದೆ. ಆದರೆ ಅಭ್ಯರ್ಥಿಯ ಹೆಸರಲ್ಲಿ ಅರ್ಧ ಪುಟದ ಸುದ್ದಿ, ಮಾತೆಲ್ಲ ಉಸ್ತುವಾರಿ ಸಚಿವರದ್ದೋ ಜಿಲ್ಲಾಧ್ಯಕ್ಷರದ್ದೋ ಆಗಿದ್ದರೆ ಅದು ಎಣಿಸದೆ ಗೊತ್ತೇ ಆಗುವುದಿಲ್ಲ. ಶೀರ್ಷಿಕೆಯನ್ನು ಪಿಡಿಎಫ್‌ನಿಂದ ಇದ್ದ ಹಾಗೇ ಬರೆದುಕೊಳ್ಳಿ, ಜಾಲತಾಣದ ಶೀರ್ಷಿಕೆ ಸಂಜೆಯೊಳಗೆ ಬದಲಾಗಿರಬಹುದು. ಶುರುವಿನ 50 ಸುದ್ದಿಗಳನ್ನು ಇಬ್ಬರು ಒಬ್ಬರದ್ದೊಬ್ಬರು ನೋಡದೆ ಗುರುತು ಹಾಕಲಿ. ಐದರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ವ್ಯತ್ಯಾಸ ಬಂದರೆ ನಿಮ್ಮ ವ್ಯಾಖ್ಯೆ ಸಡಿಲ ಅಂತ ಲೆಕ್ಕ. ಅದನ್ನು ಬಿಗಿ ಮಾಡಿ ಮತ್ತೆ ಮೊದಲಿನಿಂದ ಹಾಕಬೇಕು.

ಕರಾವಳಿಯದ್ದೇ ಇನ್ನೊಂದು ಹೋಲಿಕೆ ಉಂಟು. 2024ರಲ್ಲಿ ಶೋಭಾ ಕರಂದ್ಲಾಜೆಯವರಿಗೂ ನಳಿನ್ ಕುಮಾರ್ ಕಟೀಲ್ ಅವರಿಗೂ ಅವರವರ ಕ್ಷೇತ್ರದ ಟಿಕೆಟ್ ತಪ್ಪಿತು. ಇಬ್ಬರ ಮೇಲೂ ಸ್ವಂತ ಕಾರ್ಯಕರ್ತರ ಸಿಟ್ಟಿತ್ತು. ಶೋಭಾ ಬೆಂಗಳೂರು ಉತ್ತರಕ್ಕೆ ಹೋಗಿ ಗೆದ್ದರು, ನಳಿನ್‌ಗೆ ಟಿಕೆಟ್ ಸಿಗಲಿಲ್ಲ. ‘ಗೋ ಬ್ಯಾಕ್ ಶೋಭಾ’ ಸುದ್ದಿಗಳನ್ನೂ ನಳಿನ್ ವಿರುದ್ಧದ ಅಸಮಾಧಾನದ ಸುದ್ದಿಗಳನ್ನೂ ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಕೆಲಸದ ಬಗ್ಗೆ ದೂರು, ಯಾವುದರಲ್ಲಿ ಸ್ವಭಾವದ ಬಗ್ಗೆ ದೂರು ಅಂತ ವಿಂಗಡಿಸಿ. ಗಂಡಸಿಗೂ ಅದೇ ಮಾತು ಬಂದಿದ್ದರೆ ಅದನ್ನು ಹೆಣ್ಣೆಂಬ ಕಾರಣಕ್ಕೆ ಆದದ್ದು ಅಂತ ಬರೆಯಲಾಗದು.

ಬಿಜೈ ಬಸ್‌ಸ್ಟ್ಯಾಂಡ್
ಮಣ್ಣಪಳ್ಳದವರು ಮಾಧ್ಯಮದ್ದು ಚೆನ್ನಾಗಿ ಹೇಳಿದ್ದಾರೆ. ಆದರೆ ದೊಡ್ಡ ಅನ್ಯಾಯ ಪತ್ರಿಕೆಗೆ ಬರುವ ಮೊದಲೇ, ಟಿಕೆಟ್ ಹಂಚುವಾಗ ಆಗಿ ಹೋಗಿರ್ತದೆ. 2024ರಲ್ಲಿ ಬಿಜೆಪಿ 440ರಷ್ಟು ಕ್ಷೇತ್ರಗಳಲ್ಲಿ 69 ಮಹಿಳೆಯರನ್ನು ನಿಲ್ಲಿಸಿತು, ಕಾಂಗ್ರೆಸ್ 328ರಲ್ಲಿ 41. ದೇಶದಲ್ಲಿ ಒಟ್ಟು 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು ಸುಮಾರು 800, ಗೆದ್ದವರು 74. 2019ರಲ್ಲಿ ಗೆದ್ದವರು 78 ಇದ್ದರು, ಅಂದರೆ ಇಳಿದಿದೆ. ಇಲ್ಲಿನದ್ದು ನೋಡಿ: 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಉಡುಪಿಯಲ್ಲಿ 1,094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1,020. ಉಡುಪಿಯಿಂದ 2004ರಲ್ಲಿ ಮನೋರಮಾ ಮಧ್ವರಾಜ್, 2014 ಮತ್ತು 2019ರಲ್ಲಿ ಶೋಭಾ ಆರಿಸಿ ಬಂದರು. ಮಂಗಳೂರಿನ ಕಡೆಯಿಂದ ಇವತ್ತಿನವರೆಗೆ ಒಬ್ಬ ಮಹಿಳೆಯೂ ಲೋಕಸಭೆಗೆ ಹೋಗಲಿಲ್ಲ.

“ಗೆಲ್ಲುವ ಪ್ರಮಾಣ ಹೆಂಗಸರದ್ದೇ ಜಾಸ್ತಿ” ಅಂತ ಕೆಲವರು ಹೇಳ್ತಾರೆ. ಲೆಕ್ಕ ಸರಿ, ನೂರಕ್ಕೆ 9ರಷ್ಟು, ಗಂಡಸರದ್ದು 6ರಷ್ಟು. ಆದರೆ ಗಂಡಸರ ಪಟ್ಟಿಯಲ್ಲಿ ಠೇವಣಿ ಉಳಿಯದ ಪಕ್ಷೇತರರು ರಾಶಿ ಇದ್ದಾರೆ. ಆ ಸಂಖ್ಯೆಯನ್ನು ವರದಿಗೆ ಹಾಕುವುದಾದರೆ ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನು ಮಾತ್ರ ಹೋಲಿಸಿ.

ಟಿಕೆಟ್ ಎಷ್ಟು ಅನ್ನುವುದಕ್ಕಿಂತ ಯಾವ ಕ್ಷೇತ್ರದ್ದು ಅನ್ನುವುದು ಮುಖ್ಯ. ತಮಿಳುನಾಡಿನಲ್ಲಿ ನಾಮ್ ತಮಿಳರ್ ಕಚ್ಚಿ ಅರ್ಧಕ್ಕರ್ಧ ಮಹಿಳೆಯರಿಗೆ ಕೊಟ್ಟಿತು, ಒಬ್ಬರೂ ಗೆಲ್ಲಲಿಲ್ಲ. ತೃಣಮೂಲ 42ರಲ್ಲಿ 12 ಕೊಟ್ಟಿತು, 11 ಮಂದಿ ಗೆದ್ದರು. ಕರ್ನಾಟಕದಲ್ಲಿ ಕಾಂಗ್ರೆಸ್ ನಿಲ್ಲಿಸಿದ ಆರು ಮಹಿಳೆಯರಲ್ಲಿ ಐವರು ಅಧಿಕಾರದಲ್ಲಿದ್ದ ಸಚಿವರ ಹತ್ತಿರದ ಬಂಧುಗಳು: ಪ್ರಿಯಾಂಕಾ ಜಾರಕಿಹೊಳಿ, ಸಂಯುಕ್ತಾ ಪಾಟೀಲ, ಸೌಮ್ಯಾ ರೆಡ್ಡಿ ಮಗಳಂದಿರು, ಪ್ರಭಾ ಮಲ್ಲಿಕಾರ್ಜುನ್ ಹೆಂಡತಿ, ಶಿವಮೊಗ್ಗದ ಗೀತಾ ಸಚಿವರೊಬ್ಬರ ಅಕ್ಕ. ಹಾಗಲ್ಲದ ಒಬ್ಬರು, ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್. ಅವರಿಗೆ ಸಿಕ್ಕಿದ್ದು ಉತ್ತರ ಕನ್ನಡ, 2019ರಲ್ಲಿ ಬಿಜೆಪಿ 4.79 ಲಕ್ಷ ಮತಗಳ ಅಂತರದಲ್ಲಿ ಗೆದ್ದ ಕ್ಷೇತ್ರ! ಮನೆತನದ ಟಿಕೆಟ್ ಗಂಡಸರಿಗೂ ಸಿಕ್ಕಿದೆ, ಆಗ ಉಡುಪಿ ಉಸ್ತುವಾರಿ ಸಚಿವೆಯಾಗಿದ್ದ ಲಕ್ಷ್ಮೀ ಹೆಬ್ಬಾಳ್ಕರ್ ಅವರ ಮಗ ಮೃಣಾಲ್ ಬೆಳಗಾವಿಯಲ್ಲಿ ನಿಂತಿದ್ದರು. ಹಾಗಾಗಿ ಗಂಡಸರ ಪಟ್ಟಿಗೂ ಅದೇ ಅಳತೆಗೋಲು ಹಿಡಿಯಿರಿ.

ಕ್ಷೇತ್ರ ಎಷ್ಟು ಕಷ್ಟದ್ದು ಅಂತ ನೋಡುವಾಗ 2019ರ ಅಂತರ ಒಂದನ್ನೇ ನಂಬಬೇಡಿ. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದದ್ದು ಒಂದೇ, ಎಲ್ಲ ಕ್ಷೇತ್ರವೂ ಕಷ್ಟದ್ದಾಗಿ ಕಾಣ್ತದೆ. ಅದರ ಜೊತೆಗೆ 2023ರ ವಿಧಾನಸಭೆಯ ಮತಗಳನ್ನು ಕ್ಷೇತ್ರವಾರು ಕೂಡಿಸಿ ಇನ್ನೊಂದು ಕಾಲಮ್ ಮಾಡಿ.

ಹಂಪನಕಟ್ಟೆ ವಕೀಲೆ
ದೂರಿನ ವಿಷಯ. ಹೆಚ್ಚಿನವರು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ತೆರೆದು ವಾಟ್ಸಾಪ್ ಚಿತ್ರ ಹಾಕಲಿಕ್ಕೆ ಹೋಗಿ ಸೋಲ್ತಾರೆ. ಅದರಲ್ಲಿ ಆ ಕ್ಷಣ, ಆ ಜಾಗದಲ್ಲಿ ತೆಗೆದ ಫೋಟೋ-ವಿಡಿಯೋ ಮಾತ್ರ ಹೋಗ್ತದೆ, ಗ್ಯಾಲರಿಯಿಂದ ಹಾಕಲಾಗುವುದಿಲ್ಲ. ಸಭೆಯಲ್ಲಿ ಯಾರಾದರೂ ಅಸಹ್ಯವಾಗಿ ಮಾತಾಡ್ತಾ ಇದ್ದರೆ ಅದು ಸರಿ. ಪೋಸ್ಟ್‌ಗಳಿಗೆ ಜಿಲ್ಲಾ ಮಟ್ಟದ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿಗೆ ಲಿಖಿತವಾಗಿ ಕೊಡಿ (ಉಡುಪಿಯವರಿಗೆ ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿಯಲ್ಲಿ), ಚಿತ್ರ ತಿರುಚಿದ್ದಾದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಕೊಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಪೋಸ್ಟ್‌ನ ಲಿಂಕ್, ಖಾತೆಯ ಲಿಂಕ್, ನೋಡಿದ ಸಮಯ ಬರೆದಿಡಿ, ಮೂಲ ಸಂದೇಶವನ್ನು ಫೋನಿನಿಂದ ಅಳಿಸಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಡಿಜಿಟಲ್ ದಾಖಲೆಗೆ ಕೊಡುವಂಥದ್ದು) ಬೇಕಾಗ್ತದೆ.

ದಾವಣಗೆರೆಯಲ್ಲಿ ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅಡುಗೆಗಷ್ಟೇ ಲಾಯಕ್ಕು ಎಂಬರ್ಥದಲ್ಲಿ ಕಾಂಗ್ರೆಸ್‌ನ ಶಾಮನೂರು ಶಿವಶಂಕರಪ್ಪ ಆಡಿದ ಮಾತು ನೆನಪಿರಬಹುದು. ಇಂಥ ಹೀಯಾಳಿಕೆಗೆ ನೀತಿಸಂಹಿತೆಯಡಿ ಆಯೋಗದ ಕ್ರಮವೇ ದಾರಿ. 2024ರಲ್ಲಿ ಹೇಮಾ ಮಾಲಿನಿ ಬಗ್ಗೆ ಮಾತಾಡಿದ ಸುರ್ಜೇವಾಲಾಗೆ 48 ಗಂಟೆ ಪ್ರಚಾರ ನಿಷೇಧ ಆಯಿತು, ಮಮತಾ ಬಗ್ಗೆ ಮಾತಾಡಿದ ದಿಲೀಪ್ ಘೋಷ್‌ಗೆ ಛೀಮಾರಿ. ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 123(4) (ಅಭ್ಯರ್ಥಿಯ ಬಗ್ಗೆ ಸುಳ್ಳು ಹಬ್ಬಿಸುವುದನ್ನು ಭ್ರಷ್ಟ ಆಚರಣೆ ಅನ್ನುವ ಕಲಂ) ಹಿಡಿದು ಹೈಕೋರ್ಟಿಗೆ ಹೋಗುವುದಾದರೆ ಅದು ಸುಳ್ಳು ಸಂಗತಿ ಆಗಿರಬೇಕು, ಬರೀ ಬೈಗುಳ ಸಾಲದು. ಎದುರು ಅಭ್ಯರ್ಥಿಯ, ಅವರ ಏಜೆಂಟರ ಅಥವಾ ಅವರ ಒಪ್ಪಿಗೆ ಪಡೆದವರ ಕೃತ್ಯ ಅಂತ ರುಜುವಾಗಬೇಕು, ಫಲಿತಾಂಶದಿಂದ 45 ದಿನದೊಳಗೆ ಅರ್ಜಿ ಬೀಳಬೇಕು. ಅನಾಮಧೇಯ ಪೇಜುಗಳ ಮೂಲಕ ಇದನ್ನೆಲ್ಲ ಮಾಡಿಸುವುದು ಈ ಕೊಂಡಿ ಸಿಗಬಾರದು ಅಂತಲೇ.

ಕಾಪು ದೀಪಸ್ತಂಭ
ಎಲ್ಲರಿಗೂ ಧನ್ಯವಾದ. ಬೈಂದೂರಿನಿಂದಲೇ ಶುರು ಮಾಡ್ತೇವೆ. ವಕೀಲ ಮೇಡಂ, ವರದಿಯಲ್ಲಿ ಆ ಬೈಗುಳಗಳನ್ನು ಇದ್ದ ಹಾಗೇ ಅಚ್ಚು ಹಾಕಬಹುದಾ?

ಹಂಪನಕಟ್ಟೆ ವಕೀಲೆ
ಬೇಡ. ನೀವು ಅಚ್ಚು ಹಾಕಿದರೆ ಅದು ಇನ್ನೊಂದು ಸುತ್ತು ಹರಡ್ತದೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಡಿ, ವರದಿಯಲ್ಲಿ ಬಗೆ ಮಾತ್ರ ಬರೆಯಿರಿ: ರೂಪದ ಬಗ್ಗೆ, ಚಾರಿತ್ರ್ಯದ ಬಗ್ಗೆ, ಗಂಡನ ಬಗ್ಗೆ ಅಂತ. ಮೂಲದ ಕಡತ ಇಬ್ಬರ ಹತ್ತಿರ ಮಾತ್ರ ಇರಲಿ. ಆ ಅಭ್ಯರ್ಥಿ ಕೇಳಿದರೆ ಅವರಿಗೆ ಒಂದು ಪ್ರತಿ ಕೊಡಿ, ದೂರು ಕೊಡಬೇಕಾ ಬೇಡವಾ ಅಂತ ಅವರೇ ತೀರ್ಮಾನಿಸಲಿ.