ಮುಂಜಾನೆಯ ಟೊಂಕನೋವನ್ನು ಮನೆಯಲ್ಲಿ ಯಾರೂ ನಂಬುತ್ತಿಲ್ಲ. ನಾನೊಬ್ಬನೇ ದವಾಖಾನೆಗೆ ಹೋಗಬಹುದೇ?

ಪ್ರಶ್ನೆ (ಪಿಯು ವಿದ್ಯಾರ್ಥಿ, ಮುಂಡರಗಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ. ಗದಗಿನಲ್ಲಿ ಪಿಯುಸಿ ಮೊದಲ ವರ್ಷದ ವಿಜ್ಞಾನ ಓದುತ್ತಿದ್ದು, ದಿನವೂ ಊರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸುಮಾರು 14 ತಿಂಗಳಿನಿಂದ ಟೊಂಕದ ಕೆಳಭಾಗದಲ್ಲಿ, ಕೆಲವು ದಿನ ಎಡಕ್ಕೆ, ಕೆಲವು ದಿನ ಬಲಕ್ಕೆ, ನೋವು ಬಂದು ಹೋಗುತ್ತಿದೆ. ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ನೋವಿನಿಂದಲೇ ಎಚ್ಚರವಾಗುತ್ತದೆ. ಎದ್ದ ಮೇಲೆ ಒಂದು ತಾಸಿನವರೆಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೂ ಆಗುವುದಿಲ್ಲ. ಹಿಮ್ಮಡಿಯನ್ನು ನೆಲಕ್ಕೆ ಊರಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ಆದರೆ ಓಡಾಡುತ್ತ ಹೋದಂತೆ ಎಲ್ಲವೂ ಸಡಿಲವಾಗಿ, ಸಂಜೆ ಗೆಳೆಯರ ಜೊತೆ ಕಬಡ್ಡಿಯನ್ನೂ ಆಡಬಲ್ಲೆ.

ನನ್ನ ಕಷ್ಟವಿರುವುದು ಇಲ್ಲಿಯೇ. ಅಪ್ಪ ಹೇಳುವುದು ಒಂದೇ ಮಾತು: "ಹೊತ್ತೇರೂತನಕಾ ಟೊಂಕ ಬ್ಯಾನಿ, ಹೊತ್ತು ಮುಳುಗೂದ್ರಾಗ ಕಬಡ್ಡಿ. ಇದ್ಯಾವ ಜಡ್ಡೋ ತಮ್ಮಾ?" ಮುಂಜಾನೆ ಹೊಲಕ್ಕೆ ನೀರು ಹಾಯಿಸಲು ಹೋಗುವುದನ್ನು ತಪ್ಪಿಸಿಕೊಳ್ಳಲು ನಾನು ನೆಪ ಹೂಡುತ್ತಿದ್ದೇನೆ ಎಂದು ಅವರು ನಂಬಿದ್ದಾರೆ. ಅವ್ವ ಎಣ್ಣೆ ತಿಕ್ಕುತ್ತಾಳೆ. ಎಲುಬು ತಿಕ್ಕುವವರ ಬಳಿಗೂ ಎರಡು ಸಲ ಕರೆದೊಯ್ದಿದ್ದಳು. ನಮ್ಮ ದೊಡ್ಡಪ್ಪನ ಬೆನ್ನು ಬಾಗಿದೆ, ಅವರ ಕುತ್ತಿಗೆ ಹಿಂದಕ್ಕೆ ತಿರುಗುವುದಿಲ್ಲ. "ನಮ್ಮ ಮನೆತನದ ಬೆನ್ನೇ ಹಂಗ" ಎಂದು ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ನಾನೇ ಮೆಡಿಕಲ್ ಅಂಗಡಿಯಲ್ಲಿ ನೋವಿನ ಗುಳಿಗೆ ತಂದು ನುಂಗಿದರೆ ಎರಡು ದಿನ ಹಾಯೆನಿಸುತ್ತದೆ. ಎರಡು ತಿಂಗಳ ಹಿಂದೆ ಒಂದು ಕಣ್ಣು ಕೆಂಪಾಗಿ ಬೆಳಕು ನೋಡಲಾಗದೆ ಒಂದು ವಾರ ಒದ್ದಾಡಿದೆ. ಅದಕ್ಕೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ. 18 ತುಂಬದ ನಾನೊಬ್ಬನೇ ಹೋದರೆ ಸರ್ಕಾರಿ ದವಾಖಾನೆಯಲ್ಲಿ ನೋಡುತ್ತಾರೆಯೇ?

ಉತ್ತರ 1 (ನಿವೃತ್ತ ಶುಶ್ರೂಷಕಿ, ಗದಗ)

ತಮ್ಮಾ, ನಿಮ್ಮ ಅಪ್ಪ ನಿನ್ನ ಮೇಲೆ ಹೊರಿಸಿರುವ ತಪ್ಪನ್ನೇ ವೈದ್ಯರ ಮುಂದೆ ಅಕ್ಷರಶಃ ಹೇಳು. ಅದಕ್ಕಿಂತ ಉತ್ತಮವಾದ ರೋಗವಿವರಣೆಯನ್ನು ನಾನೂ ಬರೆದುಕೊಡಲಾರೆ. ಭಾರ ಎತ್ತಿ ಸ್ನಾಯು ಉಳುಕಿದರೆ ಕೆಲಸ ಮಾಡಿದಷ್ಟೂ ನೋವು ಹೆಚ್ಚಿ, ಮಲಗಿದರೆ ಕಡಿಮೆಯಾಗುತ್ತದೆ. ನಿನ್ನದು ಅದಕ್ಕೆ ತದ್ವಿರುದ್ಧವಾಗಿದೆ: ಮಲಗಿದರೆ ಹೆಚ್ಚು, ಆಡಿದರೆ ಕಡಿಮೆ, ನಸುಕಿನಲ್ಲಿ ಎಚ್ಚರ, ಎದ್ದ ಮೇಲೆ ಅರ್ಧ ತಾಸಿಗೂ ಮೀರಿದ ಬಿಗಿತ. ಸಂದುಗಳಲ್ಲಿ ಉರಿಯೂತ ಇರುವಾಗ ಕಾಣುವ ಲಕ್ಷಣಗಳಿವು. ಹಿಮ್ಮಡಿಯಲ್ಲಿ ಸ್ನಾಯುರಜ್ಜು ಎಲುಬಿಗೆ ಕೂಡುವ ಜಾಗ ನೋಯುವುದು, ಮನೆತನದಲ್ಲಿ ಬಾಗಿದ ಬೆನ್ನಿರುವುದು, ಇವೂ ಅದೇ ದಿಕ್ಕಿಗೆ ಕೈ ತೋರಿಸುತ್ತವೆ. ಕಾಯಿಲೆಗೆ ಹೆಸರಿಡುವ ಕೆಲಸ ನನ್ನದಲ್ಲ. ಪರೀಕ್ಷೆ ಆಗಲೇಬೇಕೆಂದು ಹೇಳುವಷ್ಟು ಅನುಭವ ನನಗಿದೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ವೈದ್ಯರಿಗೆ ತೋರಿಸಲು 16ರ ಹುಡುಗ ಒಬ್ಬನೇ ಬರಬಹುದು. ನನ್ನ ಸೇವೆಯಲ್ಲಿ ಹಾಗೆ ಬಂದವರನ್ನು ಎಷ್ಟೋ ಸಲ ನೋಡಿದ್ದೇವೆ. ಶಸ್ತ್ರಚಿಕಿತ್ಸೆ, ಅರಿವಳಿಕೆಯಂಥವುಗಳಿಗೆ ಮಾತ್ರ ಹೆತ್ತವರ ಸಹಿ ಬೇಕಾಗುತ್ತದೆ, ದೀರ್ಘ ಚಿಕಿತ್ಸೆಗೂ ಅವರನ್ನು ಕರೆಸುತ್ತಾರೆ. ಕೇಂದ್ರ ಸರ್ಕಾರವು 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದವರಿಗಾಗಿಯೇ 'ಸ್ನೇಹ ಕ್ಲಿನಿಕ್'ಗಳಿವೆ. ಹೆಸರು ಕೇಳಿ, ಅದು ಹುಡುಗಿಯರ ಮುಟ್ಟಿನ ತೊಂದರೆಗೆ ಮಾತ್ರ ಇರುವುದೆಂದು ಹುಡುಗರು ಹತ್ತಿರ ಸುಳಿಯುವುದಿಲ್ಲ. ಅದು ತಪ್ಪು ತಿಳಿವಳಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸು. ನೀನು ಹೇಗೂ ದಿನವೂ ಗದಗಿಗೆ ಬರುವವನಾದ್ದರಿಂದ ಮಲ್ಲಸಮುದ್ರದ ಜಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ) ಕೂಡ ನಿನಗೆ ದೂರವಲ್ಲ.

ಗುಳಿಗೆಯ ವಿಷಯ: ಖಾಲಿ ಹೊಟ್ಟೆಯಲ್ಲಿ ನೋವಿನ ಗುಳಿಗೆ ನುಂಗಬೇಡ, ವೈದ್ಯರ ಮಾತಿಲ್ಲದೆ ತಿಂಗಳುಗಟ್ಟಲೆ ನುಂಗಲೇಬೇಡ, ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಸಂಜೆ ಜ್ವರ ಬರುವುದು, ತೂಕ ಇಳಿಯುವುದು, ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಯಾರ ಅನುಮತಿಗೂ ಕಾಯದೆ ಅದೇ ದಿನ ಹೋಗು. ಅವು ಬೆನ್ನೆಲುಬಿನ ಕ್ಷಯದ ಗುರುತೂ ಆಗಿರಬಹುದು, ಅದು ನಮ್ಮ ಕಡೆ ಅಪರೂಪದ ರೋಗವೇನಲ್ಲ.

ಉತ್ತರ 2 (ಧಾರವಾಡ)

ನನಗೀಗ 31 ವರ್ಷ. 17ನೇ ವಯಸ್ಸಿನಲ್ಲಿ ನಾನು ಬರೆಯಬಹುದಾಗಿದ್ದ ಪತ್ರವನ್ನೇ ಈ ಹುಡುಗ ಬರೆದಿದ್ದಾನೆ. ನನ್ನ ಕಾಯಿಲೆಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನೆಲುಬಿನ ಸಂದುಗಳಲ್ಲಿ ಉರಿಯೂತ ತರುವ ಸಂಧಿವಾತ) ಎಂಬ ಹೆಸರು ಸಿಗಲು ಏಳು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಮೂರು ವರ್ಷ ಮನೆಯವರು ನಂಬಲಿಲ್ಲ; ಉಳಿದ ನಾಲ್ಕು ವರ್ಷ ಎಕ್ಸ್-ರೇ ನಂಬಲಿಲ್ಲ ಎನ್ನಬಹುದು. ಟೊಂಕದ ಕೆಳಗಿರುವ ಸ್ಯಾಕ್ರೋಇಲಿಯಕ್ ಸಂದುಗಳಲ್ಲಿ ಉರಿಯೂತ ಆರಂಭವಾದ ಎಷ್ಟೋ ವರ್ಷಗಳ ನಂತರವೇ ಎಕ್ಸ್-ರೇಯಲ್ಲಿ ಬದಲಾವಣೆ ಕಾಣಬಹುದು. ಎಂಆರ್‌ಐಯಲ್ಲಿ ಅದು ಬೇಗ ಕಾಣುತ್ತದೆ. ಆದ್ದರಿಂದ ಮೊದಲ ಎಕ್ಸ್-ರೇ ಸರಿಯಾಗಿದೆ ಎಂದು ಬಂದರೆ, ಅದನ್ನು ಹಿಡಿದುಕೊಂಡು ಅಪ್ಪ "ನೋಡಿದ್ಯಾ?" ಎಂದರೂ, ಎದೆಗುಂದಬೇಡ. ಇಎಸ್‌ಆರ್, ಸಿಆರ್‌ಪಿ ಎಂಬ, ಉರಿಯೂತ ಪತ್ತೆಹಚ್ಚುವ ರಕ್ತಪರೀಕ್ಷೆಗಳೂ ಕೆಲವರಲ್ಲಿ ಸಹಜವಾಗಿಯೇ ಇರುತ್ತವೆ. ಎಚ್‌ಎಲ್‌ಎ-ಬಿ27 ಎಂಬ, ಈ ಕಾಯಿಲೆಯೊಂದಿಗೆ ನಂಟಿರುವ ವಂಶವಾಹಿ ಇರುವವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲವಾದ್ದರಿಂದ ಅದೊಂದರಿಂದ ಏನೂ ತೀರ್ಮಾನವಾಗದು.

ಕಣ್ಣಿಗೂ ಇದಕ್ಕೂ ಸಂಬಂಧವಿರಲಿಕ್ಕಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಾನು ಕುರ್ಚಿಯಿಂದ ಎದ್ದೆ. ಈ ಬಗೆಯ ಸಂಧಿವಾತದಲ್ಲಿ ಕಣ್ಣಿನೊಳಗೂ ಯುವಿಯೈಟಿಸ್ ಎಂಬ ಉರಿಯೂತ ಬರುತ್ತದೆ: ಒಂದೇ ಕಣ್ಣು ಕೆಂಪಾಗಿ ನೋಯುತ್ತದೆ, ಬೆಳಕು ಚುಚ್ಚುತ್ತದೆ. ಮತ್ತೊಮ್ಮೆ ಹಾಗಾದರೆ ಅಂಗಡಿಯ ಹನಿ ಹಾಕಿಕೊಂಡು ಕೂರದೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸು. ತಡಮಾಡಿದರೆ ದೃಷ್ಟಿಗೇ ಕುತ್ತು. ಬೆನ್ನು ತೋರಿಸಲು ಹೋದಾಗಲೂ ಕಣ್ಣಿನ ಮಾತನ್ನು ಮರೆಯದೆ ಹೇಳು. ಯಾರೂ ತಾವಾಗಿ ಕೇಳಲಿಕ್ಕಿಲ್ಲ.

ನನ್ನ ಅಪ್ಪ ನಂಬಿದ್ದು ಯಾವ ವರದಿಯನ್ನೂ ನೋಡಿ ಅಲ್ಲ. ವೈದ್ಯರು ನನ್ನ ಬೆನ್ನಿನ ಮೇಲೆ ಪೆನ್ನಿನಿಂದ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಮಾಡಿ, ಮುಂದಕ್ಕೆ ಬಾಗಲು ಹೇಳಿ ಟೇಪು ಹಿಡಿದರು. ಸಾಮಾನ್ಯವಾಗಿ ಆ ಅಂತರ 15ರವರೆಗೆ ಹಿಗ್ಗಬೇಕು. ನನ್ನದು 12ಕ್ಕೆ ನಿಂತಿತು. ನಮ್ಮಪ್ಪ ವೃತ್ತಿಯಿಂದ ಬಡಿಗರು. ಟೇಪನ್ನು ತಾವೇ ಇಸಿದುಕೊಂಡು ಇನ್ನೊಮ್ಮೆ ಅಳೆದರು. ಆ ದಿನದಿಂದ ನನ್ನನ್ನು ಮೈಗಳ್ಳ ಎಂದಿಲ್ಲ. ಈಗ ಔಷಧ, ದಿನನಿತ್ಯದ ವ್ಯಾಯಾಮ ಎರಡರಿಂದಲೂ ಕೆಲಸ ಮಾಡಿಕೊಂಡಿದ್ದೇನೆ. ಬೇಗ ಹಿಡಿದರೆ ಬೆನ್ನು ಬಾಗದಂತೆ ನೋಡಿಕೊಳ್ಳಲು ಹೆಚ್ಚು ಅವಕಾಶವಿರುತ್ತದೆ.

ಉತ್ತರ 3 (ಹುಬ್ಬಳ್ಳಿ)

ಇಷ್ಟೊಂದು ಸುತ್ತಿ ಬಳಸುವುದೇಕೆ? ಮಕ್ಕಳಿಗೆ ಚಿಕಿತ್ಸೆ ಕೊಡಿಸದಿರುವುದು ನಿರ್ಲಕ್ಷ್ಯವೇ. ಮಕ್ಕಳ ಸಹಾಯವಾಣಿ 1098 ಇರುವುದೇ 18ರ ಒಳಗಿನವರಿಗಾಗಿ, ಕರೆ ಉಚಿತ. ಕರೆ ಮಾಡಿಬಿಡು.

ಉತ್ತರ 4 (ಒಬ್ಬ ತಂದೆ, ಹಾವೇರಿ)

1098 ನೆನಪಿನಲ್ಲಿರಲಿ, ಹೊಡೆತ, ಕೂಡಿಹಾಕುವುದು, ದವಾಖಾನೆಗೆ ಹೋಗದಂತೆ ತಡೆಯುವುದು ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈ ಮನೆಯಲ್ಲಿ ಅವ್ವ ಎಣ್ಣೆ ತಿಕ್ಕುತ್ತಿದ್ದಾಳೆ, ಎರಡು ಸಲ ಕರೆದುಕೊಂಡೂ ಹೋಗಿದ್ದಾಳೆ. ಇಲ್ಲಿ ಕಾಳಜಿ ಇದೆ, ಅದು ದಾರಿ ತಪ್ಪಿದೆ.

ಅಪ್ಪಂದಿರ ಪರವಾಗಿ ಎರಡು ಮಾತು ಹೇಳುತ್ತೇನೆ, ಇದು ಸಮರ್ಥನೆಯಲ್ಲ. ನನ್ನ ಮಗಳು ಮೊಣಕಾಲು ನೋವೆಂದು ಆರು ತಿಂಗಳು ಹೇಳಿದಾಗ, ಬೆಳೆಯುವ ವಯಸ್ಸಿನ ನೋವೆಂದು ನಾನೂ ತಳ್ಳಿಹಾಕಿದ್ದೆ. ಆ ವರ್ಷ ಮೆಣಸಿನಕಾಯಿಗೆ ರೋಗ ಬಿದ್ದಿತ್ತು. ದವಾಖಾನೆ ಎಂದೊಡನೆ ನನ್ನ ಕಿವಿಗೆ ಸ್ಕ್ಯಾನಿಂಗು, ಹುಬ್ಬಳ್ಳಿಯ ಓಡಾಟ, ಸಾಲ ಎಂದೇ ಕೇಳಿಸುತ್ತಿತ್ತು. ಏನೂ ಇಲ್ಲ ಎಂದು ನಾನು ಹೇಳಿಕೊಂಡದ್ದು ಅವಳಿಗಲ್ಲ, ನನಗೆ. ಆದ್ದರಿಂದ ಅಪ್ಪನ ಎದುರು "ನನ್ನನ್ನು ನಂಬಿರಿ" ಎಂದು ವಾದ ಹೂಡಬೇಡ. ಒಂದು ದಿನ ಕೇಳು, ಸರ್ಕಾರಿ ದವಾಖಾನೆ ಎಂದೇ ಹೇಳು, ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇರುವುದನ್ನೂ ತಿಳಿಸು. ಎರಡು ವಾರ ಒಂದು ಹಾಳೆಯಲ್ಲಿ ಎಚ್ಚರವಾದ ಗಂಟೆ, ಬಿಗಿತ ಸಡಿಲಾದ ಗಂಟೆ, ನುಂಗಿದ ಗುಳಿಗೆ ಬರೆದಿಟ್ಟುಕೊಂಡು ಹೋಗು. ಜಗಳ ಮಾಡಿದ ರಾತ್ರಿ ಮಾತ್ರ ಈ ವಿಷಯ ಎತ್ತಬೇಡ.

ಉತ್ತರ 5 (ಶಾಲಾ ಶಿಕ್ಷಕ, ಶಿರಹಟ್ಟಿ)

ಗದಗ ಜಿಲ್ಲೆಯವನಾದ್ದರಿಂದ ಒಂದನ್ನು ಸೇರಿಸುತ್ತೇನೆ. ನಮ್ಮ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬೇಕಾದದ್ದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದೆನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ದಶಕಗಳ ಕಾಲ ಕುಡಿದವರ ಬೆನ್ನು, ಕುತ್ತಿಗೆ ಬಿಗಿಯುವುದುಂಟು. ದೊಡ್ಡಪ್ಪನ ಬೆನ್ನು ಬಾಗಿದ್ದಕ್ಕೆ ಮನೆತನವೇ ಕಾರಣವೋ, ಊರ ನೀರೋ, ನೋಡಬೇಕಾದ ವಿಷಯ. ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ ಅದನ್ನೂ ವೈದ್ಯರಿಗೆ ತೋರಿಸು. ನೀನು ಹೇಳಿದ ಲಕ್ಷಣಗಳು ಮಾತ್ರ ಮೊದಲಿಬ್ಬರು ಬರೆದದ್ದಕ್ಕೇ ಹೆಚ್ಚು ಹೊಂದುತ್ತವೆ. ಒಬ್ಬನೇ ಹೋಗಲು ಅಳುಕಾದರೆ ಕಾಲೇಜಿನ ಉಪನ್ಯಾಸಕರಲ್ಲಿ ಒಬ್ಬರಿಗೆ ಹೇಳು. ನಮ್ಮ ಕಡೆ ಮಾಸ್ತರರ ಫೋನಿಗೆ ಇನ್ನೂ ಬೆಲೆಯಿದೆ.

ಪ್ರಶ್ನೆ ಕೇಳಿದವನು, ಹದಿನೆಂಟು ದಿನಗಳ ನಂತರ

ಹಾಳೆ ಬರೆದೆ. ಅಪ್ಪ ಓದಿ, ಏನೂ ಹೇಳದೆ ಮಡಚಿ ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಕಿಸೆಗೆ ಹಾಕಿದರು. ನಂಬಿದರೋ ಇಲ್ಲವೋ ತಿಳಿಯದು. ಟೇಪಿನ ಸಂಗತಿಯನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು, ತಮಗೂ ನನ್ನ ವಯಸ್ಸಿನಲ್ಲಿಯೇ, ಮುಂಜಾನೆಯ ಹೊತ್ತಿನಲ್ಲಿಯೇ ಶುರುವಾಗಿತ್ತು ಎಂದು ಮೊದಲ ಸಲ ಬಾಯಿ ಬಿಟ್ಟರು. "ಸೋಮವಾರ ನಾನೂ ಬರ್ತೇನಿ, ನನ್ನ ಬೆನ್ನೂ ಅಳೀಲಿ" ಎಂದಿದ್ದಾರೆ. ಅಕ್ಕಾರ, ಎಷ್ಟು ಗಂಟೆಗೆ ಹೋಗಬೇಕು?

ಉತ್ತರ (ನಿವೃತ್ತ ಶುಶ್ರೂಷಕಿ, ಗದಗ)

ಸೋಮವಾರ ಗದ್ದಲ ಹೆಚ್ಚು; ಚೀಟಿಯ ಸಾಲಿನಲ್ಲಿ ನಿಲ್ಲಲು ಮೊದಲ ಬಸ್ಸಿಗೇ ಬನ್ನಿ. ಇಬ್ಬರ ಆಧಾರ್, ರೇಷನ್ ಕಾರ್ಡು, ನೀನು ನುಂಗುತ್ತಿದ್ದ ಗುಳಿಗೆಯ ಖಾಲಿ ಪಟ್ಟಿ ಜೊತೆಗಿರಲಿ. ಆ ಹಾಳೆಯನ್ನು ಅಪ್ಪನ ಕಿಸೆಯಿಂದ ಕೇಳಿಯೇ ಇಸಿದುಕೊ.